ಅಜ್ಜಿಗೆ ಬಿಟ್ಟುಕೊಟ್ಟ ಊರುಗಳು

ನಮ್ಮ ಕಡೆ ಒಂದು ಕಾಲಕ್ಕೆ ಎಲ್ಲದಕ್ಕೂ ಪಿತ್ತವೇ ಕಾರಣವಾಗಿತ್ತು. ತಲೆ ತಿರುಗಿದರೆ ಪಿತ್ತ, ಮಗ ಲೆಕ್ಕದಲ್ಲಿ ನಪಾಸಾದರೆ ಪಿತ್ತ, ಮಾವನವರು ಸುಮ್ಮಸುಮ್ಮನೆ ಕೂಗಾಡಿದರೆ ಅದಂತೂ ಖಾತ್ರಿ ಪಿತ್ತವೇ. ಆಮೇಲೆ ಗ್ಯಾಸ್ ಬಂತು. ಒಲೆಗೂ ಬಂತು, ಹೊಟ್ಟೆಗೂ ಬಂತು. ಅದರ ಬೆನ್ನಿಗೆ ಬಿ.ಪಿ., ಶುಗರ್, ಟೆನ್ಶನ್ ಸಾಲಾಗಿ ಬಂದು ಕಟ್ಟೆಯ ಮೇಲೆ ಕೂತವು. ಈಗ ಡೋಪಮೀನಿನ ಪಾಳಿ. ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ತಾಯಿಯೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: “ನಮ್ಮ ಹುಡುಗಗ ಡೋಪಮೀನ್ ಭಾಳ ಏರೇತ್ರಿ ಅಕ್ಕಾರ. ಮಾಸ್ತರ್ ಹೇಳ್ಯಾರ.” ಪಕ್ಕದವಳು ಲೊಚಗುಟ್ಟಿ, “ಗುಳಿಗಿ ಕೊಡಸ್ರಿ ಮತ್ತ” ಎಂದಳು. ಹುಡುಗ ಎರಡನ್ನೂ ಕೇಳಿಸಿಕೊಳ್ಳಲಿಲ್ಲ. ಅವನ ಹೆಬ್ಬೆರಳು ಮೊಬೈಲಿನ ಗಾಜಿನ ಮೇಲೆ ಒಂದೇ ಸಮನೆ ಮೇಲಕ್ಕೆ ಹೋಗುತ್ತಿತ್ತು.

ಏರಲಿಕ್ಕೆ ಅದೇನು ಮಳೆಗಾಲದ ವರದಾ ಹೊಳೆಯೇ ತಾಯಿ, ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಾವೇರಿ ಬಸ್ಸು ಬಂತು. ಸೀಟು ಹಿಡಿಯುವುದರ ಮುಂದೆ ವಿಜ್ಞಾನ ಪ್ರಸಾರ ದೊಡ್ಡದಲ್ಲ.

ಡೋಪಮೀನನ್ನು ಬೈಯುವವರು ಬಹಳ ಮಂದಿ, ಅದರ ಬಡತನ ಬಲ್ಲವರು ಕಡಿಮೆ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ನಡುಮೆದುಳಿನ ಡೋಪಮೀನ್ ಕೋಶಗಳು ಹೆಚ್ಚೆಂದರೆ ಐದಾರು ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಜನವೇ 16 ಲಕ್ಷದ ಹತ್ತಿರ ಇದ್ದರು. ಅದರ ಅರ್ಧವೂ ಆಗದ ಈ ಮಂದಿ ಕೂತು, ಇಡೀ ಮೆದುಳಿಗೆ ‘ಇದನ್ನು ಕಲಿ, ಅದನ್ನು ಬಿಡು, ಇದನ್ನು ನೆನಪಿಟ್ಟುಕೋ’ ಎಂದು ಸುದ್ದಿ ಮುಟ್ಟಿಸಬೇಕು. ಅದಕ್ಕೇ ಒಂದೊಂದು ಕೋಶದ ಎಳೆಯೂ ಕವಲೊಡೆದು ಕವಲೊಡೆದು ಲಕ್ಷಗಟ್ಟಲೆ ತುದಿಗಳಾಗಿ ಹರಡಿಕೊಂಡಿದೆ. ಇಷ್ಟೆಲ್ಲ ದುಡಿದರೂ ಕೊನೆಗೆ ಬೈಗುಳ ಅದಕ್ಕೇ.

ಈ ರಾಸಾಯನಿಕ ಮೆದುಳಿನಲ್ಲಿದೆ ಎಂದು ಗೊತ್ತಾದದ್ದು 1957ರಲ್ಲಿ, ಇಂಗ್ಲೆಂಡಿನ ಕ್ಯಾಥ್ಲೀನ್ ಮೊಂಟಾಗು ಅವರಿಂದ. ಅದಕ್ಕೆ ತನ್ನದೇ ಕೆಲಸವಿದೆ ಎಂದು ತೋರಿಸಿದವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಅವರು ಮೊಲಗಳಿಗೆ ರೆಸರ್ಪಿನ್ ಎಂಬ ಔಷಧಿ ಕೊಟ್ಟರು. ಮೊಲಗಳ ಕಿವಿ ಜೋತುಬಿದ್ದವು, ಕಾಲು ಏಳಲಿಲ್ಲ, ಇದ್ದಲ್ಲೇ ಮುದ್ದೆಯಾಗಿ ಕೂತವು. ಆಮೇಲೆ ಡೋಪಮೀನಿನ ಮೂಲವಸ್ತುವಾದ ಎಲ್-ಡೋಪಾ ಚುಚ್ಚಿದಾಗ ಕಾಲು ಗಂಟೆಯೊಳಗೆ ಎದ್ದು ಓಡಾಡತೊಡಗಿದವು. ಈ ಕೆಲಸಕ್ಕೆ 2000ದಲ್ಲಿ ನೊಬೆಲ್ ಸಿಕ್ಕಿತು. ನಮ್ಮವರು ಕಾಲರ್ ಏರಿಸಿಕೊಳ್ಳಬಹುದಾದ ಸಂಗತಿ ಬೇರೆಯೇ ಇದೆ. ಮೊಲಗಳನ್ನು ಮಲಗಿಸಿದ ರೆಸರ್ಪಿನ್ ತೆಗೆದದ್ದು ನಮ್ಮ ನಾಟಿ ವೈದ್ಯರ ಸರ್ಪಗಂಧಿಯ ಬೇರಿನಿಂದ. ಎಬ್ಬಿಸಿದ ಎಲ್-ಡೋಪಾ ಯಥೇಚ್ಛವಾಗಿ ಇರುವುದು ನಸುಗುನ್ನಿ ಬೀಜದಲ್ಲಿ. ಅದನ್ನು 1937ರಲ್ಲೇ ಮದರಾಸಿನ ಪ್ರಯೋಗಾಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಆ ಬೀಜದಿಂದ ಬೇರ್ಪಡಿಸಿದ್ದರು.

ನಸುಗುನ್ನಿ ಗೊತ್ತಿಲ್ಲದವರು ಪುಣ್ಯವಂತರು. ಹಾನಗಲ್ಲ ಕಡೆ ಮಲೆನಾಡಿನ ಸೆರಗು ಶುರುವಾಗುವಲ್ಲಿ ಬೇಲಿಗುಂಟ ಹಬ್ಬುವ ಬಳ್ಳಿ ಅದು. ಕಾಯಿ ಇಂಗ್ಲಿಷಿನ ಎಸ್ ಅಕ್ಷರದಂತೆ ಸೊಟ್ಟ, ಮೈತುಂಬ ಹೊಂಗಂದು ಬಣ್ಣದ ರೋಮ, ಬಿಸಿಲಿಗೆ ಮಖಮಲ್ಲಿನ ಹಾಗೆ ಮಿಂಚುತ್ತದೆ. ಮುಟ್ಟಬೇಕೆನಿಸುತ್ತದೆ, ಮುಟ್ಟುತ್ತಾರೆ. ಆಮೇಲಿನ ಎರಡು ತಾಸು ಆ ಮನುಷ್ಯ ಮನುಷ್ಯನಾಗಿರುವುದಿಲ್ಲ. ಸೆಗಣಿ ಸವರಿ, ಬೂದಿ ಸವರಿ, ಮಜ್ಜಿಗೆ ಸುರಿದು, ಮನೆಮಂದಿ ಸುತ್ತ ನಿಂತು ನಕ್ಕು, ಅಂತೂ ಸಂಜೆಗೆ ಇಳಿಯುತ್ತದೆ. ಎರಡನೇ ಸಲ ನಸುಗುನ್ನಿ ಮುಟ್ಟಿದವರನ್ನು ನಾನು ಕಂಡಿಲ್ಲ. ಯಾವ ಮಾಸ್ತರರೂ ಒಂದೇ ಪಾಠದಲ್ಲಿ ಇಷ್ಟು ಖಾಯಂ ಕಲಿಸಿದ ದಾಖಲೆ ಇಲ್ಲ. ಬೀಜದೊಳಗೆ ಕಲಿಕೆಯ ರಾಸಾಯನಿಕದ ಕಚ್ಚಾಮಾಲು, ಸಿಪ್ಪೆಯ ಮೇಲೆ ಕಲಿಸುವ ಮಾಸ್ತರ! (ಇದನ್ನು ಓದಿ ಮಗನ ಪರೀಕ್ಷೆಗೆಂದು ಬೀಜ ಕುಟ್ಟಿ ಹಾಲಿನಲ್ಲಿ ಕಲಸಲು ಹೊರಟವರು ದಯವಿಟ್ಟು ನಿಲ್ಲಿ. ಅದು ಕಂಪವಾತದ ಔಷಧಿಯ ಸಂಬಂಧಿ, ವೈದ್ಯರ ಕೈಯಲ್ಲೇ ಇರಬೇಕಾದದ್ದು.)

ನಮ್ಮ ಅಳಿಯ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಕಳೆದ ಸಲ ಊರಿಗೆ ಬಂದಾಗ ‘ಡೋಪಮೀನ್ ಉಪವಾಸ’ ಹಿಡಿದಿದ್ದ. ಮೊಬೈಲ್ ಇಲ್ಲ, ಚಹಾ ಇಲ್ಲ, ಸಿಹಿ ಇಲ್ಲ, ಹಾಡು ಇಲ್ಲ. ಗೋಡೆ ನೋಡುತ್ತ ಕೂರುವುದು. ಹಬ್ಬಕ್ಕೆಂದು ಮಾಡಿದ ಹೋಳಿಗೆಯನ್ನು ಮುಟ್ಟದ ಅಳಿಯನನ್ನು ಕಂಡು ಅತ್ತೆಗೆ ಗಾಬರಿ. “ಮದುವಿ ಮುರಿಯೂ ವಿಚಾರ ಐತೇನ್ರಿ ಇವರದು?” ಎಂದು ಒಳಗೆ ನನ್ನನ್ನು ಕೇಳಿದಳು. ಎರಡನೇ ದಿನ ಸಂಜೆ ಅಡುಗೆಮನೆಯಲ್ಲಿ ಕಾಗದದ ಸರಬರ ಸದ್ದು. ಇಣುಕಿದರೆ, ಅಳಿಯ ಸವಣೂರು ಖಾರಾದ ಪೊಟ್ಟಣದ ಮುಂದೆ ನಿಂತಿದ್ದಾನೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ಹಾ ಹೂ, ಕೈ ಮಾತ್ರ ಪೊಟ್ಟಣದೊಳಗೆ ಹೋಗಿ ಹೋಗಿ ಬರುತ್ತಿದೆ. “ರುಚಿ ಐತೇನು?” ಎಂದೆ. “ರುಚಿ ಗೊತ್ತಾಗ್ತಾ ಇಲ್ಲ ಮಾವಾ, ನಿಲ್ಲಿಸೋಕೂ ಆಗ್ತಾ ಇಲ್ಲ” ಎಂದ.

ಅಮೆರಿಕದ ಕೆಂಟ್ ಬೆರಿಜ್ ಎಂಬ ವಿಜ್ಞಾನಿ ಹತ್ತಾರು ವರ್ಷ ಇಲಿಗಳ ಮೇಲೆ ದುಡಿದು ಹೇಳಿದ್ದು ಇದನ್ನೇ. ಬೇಕೆನ್ನಿಸುವುದು ಬೇರೆ, ಹಿತವೆನ್ನಿಸುವುದು ಬೇರೆ. ಡೋಪಮೀನ್ ಇಲ್ಲದಂತೆ ಮಾಡಿದ ಇಲಿಯ ನಾಲಿಗೆಗೆ ಸಕ್ಕರೆ ನೀರು ಹನಿಸಿದರೆ ಅದು ತುಟಿ ಚಪ್ಪರಿಸುತ್ತದೆ. ಅದೇ ಸಕ್ಕರೆ ನಾಲ್ಕು ಹೆಜ್ಜೆ ಆಚೆ ಇದ್ದರೆ ಎದ್ದು ಹೋಗುವುದಿಲ್ಲ. ಹಾಗಾಗಿ ಡೋಪಮೀನನ್ನು ‘ಸಂತೋಷದ ಹಾರ್ಮೋನು’ ಎಂದು ಕರೆಯುವ ಯೂಟ್ಯೂಬ್ ಪಂಡಿತರು ಸ್ವಲ್ಪ ಅವಸರ ಮಾಡಿದ್ದಾರೆ. ಅದು ಎಬ್ಬಿಸಿ ಕಳಿಸುವ ಕೆಲಸದ್ದು. ಜೊತೆಗೆ ಇನ್ನೊಂದು ಕೆಲಸವಿದೆ, ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದೆ. ಆದರೆ ಮೊದಲು ಅಜ್ಜಿಯ ವಿಷಯ.

ನಮ್ಮಜ್ಜಿ ಹಿರೇಕೆರೂರು ಕಡೆಯ ಹೆಣ್ಣು. ಓದು ಇಲ್ಲ, ಸಹಿಗೆ ಹೆಬ್ಬೆಟ್ಟು. ಬಿತ್ತನೆಗೆ ಮುಂಚೆ ರಾತ್ರಿ ಬೀಜದ ಶೇಂಗಾ ಒಡೆಯಲು ಮನೆಯ ಹುಡುಗರನ್ನೆಲ್ಲ ಪಡಸಾಲೆಯಲ್ಲಿ ಕೂರಿಸುತ್ತಿದ್ದಳು. ಶೇಂಗಾ ಒಡೆದಷ್ಟೂ ಬೆರಳು ಉರಿಯುವ ಕೆಲಸ ಅದು; ಹುಡುಗರು ಓಡಿಹೋಗಬಾರದೆಂದು ಒಗಟು ಹಾಕುತ್ತಿದ್ದಳು. ಉತ್ತರ ಬರದಿದ್ದರೆ ಒಂದು ಊರು ಕೊಡಬೇಕು. ಊರು ಕೊಡದೆ ಉತ್ತರ ಇಲ್ಲ.

“ಹಾನಗಲ್ಲ ತಗೋ ಆಯಿ.”

“ಹಾನಗಲ್ಲದಾಗ ನನ್ನ ಬೀಗರು ಅದಾರ. ಬ್ಯಾಡ. ಬ್ಯಾರೇದ್ದು ಕೊಡು.”

“ಸವಣೂರು?”

“ಅದು ನವಾಬಂದು. ಕೊಡಾಕ ನಿನಗೇನು ಹಕ್ಕೈತೆ?”

“ಶಿಗ್ಗಾವಿ?”

ಆಯಿ ವಿಚಾರ ಮಾಡುವಳು. ಸಂಚಿ ಬಿಚ್ಚಿ, ಸವಣೂರಿನ ಎಲೆ ತೆಗೆದು, ತೊಟ್ಟು ಮುರಿದು, ನರ ಎಳೆದು, ಸೆರಗಿಗೆ ಒರೆಸಿ, ಸುಣ್ಣ ಹಚ್ಚುವಳು. ನವಾಬನ ಊರು ಬೇಡ, ಎಲೆ ಬೇಕು. ನಾವು ಶೇಂಗಾ ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದೆವು. ಅಡಿಕೆ ಬಾಯಿಗೆ ಬಿದ್ದ ಮೇಲೆ, “ಆತು. ಶಿಗ್ಗಾವಿ ತಗೊಂಡೆ. ಸಂತಿ ಸುಂಕ ಇನ್ನಮ್ಯಾಲೆ ನನಗ” ಎನ್ನುವಳು. ಆಮೇಲೆ ಉತ್ತರ. ಉತ್ತರ ಕೇಳಿ, ಅಯ್ಯೋ ಇಷ್ಟೇನಾ ಎಂದು ಹಣೆ ಬಡಿದುಕೊಂಡು, ಮುಂದಿನ ಒಗಟಿಗೆ ಬಂಕಾಪುರ ಕಳೆದುಕೊಳ್ಳಲು ಸಿದ್ಧರಾಗುತ್ತಿದ್ದೆವು. ಬಿತ್ತನೆ ಬರುವಷ್ಟರಲ್ಲಿ ಅರ್ಧ ಧಾರವಾಡ ಜಿಲ್ಲೆ ಆಯಿಯ ಹೆಸರಿಗೆ ಆಗಿರುತ್ತಿತ್ತು. (ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಯಿ ಅದನ್ನು ಕಾಣಲಿಲ್ಲ. ಕಂಡಿದ್ದರೆ ತನ್ನನ್ನು ಕೇಳದೆ ಹೇಗೆ ಮಾಡಿದರು ಎಂದು ಕೇಳುತ್ತಿದ್ದಳೇನೋ.)

ವಿಚಿತ್ರವೆಂದರೆ ಆ ಒಗಟುಗಳ ಉತ್ತರಗಳಲ್ಲಿ ಅರ್ಧಕ್ಕರ್ಧ ನೆನಪಿಲ್ಲ. ಆದರೆ ಕಂದೀಲಿನ ಒಡೆದ ಗಾಜಿಗೆ ಅಂಟಿಸಿದ್ದ ಕಾಗದ ನೆನಪಿದೆ. ಆ ಕಾಗದದ ಮೇಲೆ ಅಚ್ಚಾಗಿದ್ದ ಬೀಡಿ ಜಾಹೀರಾತಿನ ಅರ್ಧ ಮೀಸೆ ನೆನಪಿದೆ. ಆಯಿಯ ಎಡಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು, ಸುಣ್ಣ ಹಚ್ಚುವಾಗ ಆ ಸೀಳಿನಲ್ಲಿ ಬಿಳಿ ಗೆರೆ ಮೂಡುತ್ತಿತ್ತು. ಇದನ್ನೆಲ್ಲ ಯಾರು ನೆನಪಿಡು ಎಂದಿದ್ದರು?

2014ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಥಿಯಾಸ್ ಗ್ರೂಬರ್, ಚರಣ್ ರಂಗನಾಥ್ ಮುಂತಾದವರು ಮಾಡಿದ ಪ್ರಯೋಗವೊಂದು ನಮ್ಮ ಪಡಸಾಲೆಯನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ತೂರಿಸಿದಂತಿದೆ. ವಿದ್ಯಾರ್ಥಿಗಳಿಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುವುದು. ಉತ್ತರವನ್ನು 14 ಸೆಕೆಂಡು ತಡೆಹಿಡಿಯುವುದು. ಆ ನಡುವೆ, ಪ್ರಶ್ನೆಗೆ ಯಾವ ಸಂಬಂಧವೂ ಇಲ್ಲದ ಯಾರದೋ ಮುಖ ತೋರಿಸುವುದು. ಆಮೇಲೆ ಪರೀಕ್ಷಿಸಿದಾಗ, ಯಾವ ಪ್ರಶ್ನೆಗೆ ಕುತೂಹಲ ಹೆಚ್ಚಿತ್ತೋ ಅದರ ಉತ್ತರ ಚೆನ್ನಾಗಿ ನೆನಪಿತ್ತು, ಅದು ಸಹಜ. ಅದರ ಜೊತೆ ಆ ದಾರಿಹೋಕ ಮುಖವೂ ಹೆಚ್ಚು ನೆನಪಿತ್ತು. ಮರುದಿನ ಕೇಳಿದರೂ ಅಷ್ಟೇ. ಕಾಯುವ ಹೊತ್ತಿನಲ್ಲಿ ನಡುಮೆದುಳಿನ ಡೋಪಮೀನ್ ಕೇಂದ್ರವೂ, ನೆನಪಿನ ಕೋಣೆಯಾದ ಹಿಪ್ಪೊಕ್ಯಾಂಪಸ್ಸೂ ಒಟ್ಟಿಗೆ ಚುರುಕಾಗಿದ್ದವು. ಕುತೂಹಲ ಬಾಗಿಲು ತೆರೆದಿಟ್ಟಾಗ ಕರೆದವರ ಜೊತೆ ಕರೆಯದವರೂ ಒಳಗೆ ಬಂದು ಕೂರುತ್ತಾರೆ. ಬೀಡಿಯ ಮೀಸೆ ನನ್ನ ತಲೆಯೊಳಗೆ ಬಂದದ್ದು ಹಾಗೆ. ಅಲ್ಲಿ 14 ಸೆಕೆಂಡು, ನಮ್ಮಲ್ಲಿ ಒಂದು ಎಲೆಅಡಿಕೆ.

ಹಾನಗಲ್ಲ, ಸವಣೂರು, ಶಿಗ್ಗಾವಿ, ಹಿರೇಕೆರೂರು, ಈ ನಾಲ್ಕು ಕಡೆಯ ನೀರಿನಲ್ಲೇ ಒಗಟು ಇದೆಯೇನೋ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಮುಂಡಿಗೆ ಕಟ್ಟಿ ಪಂಡಿತರನ್ನು ಇವತ್ತಿಗೂ ಕಾಡುತ್ತಿದ್ದಾರೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಕಡೆಯವನು ಸರ್ವಜ್ಞ. ಅವನ ಲೆಕ್ಕದಲ್ಲಿ ಒಗಟಿನ ತ್ರಿಪದಿಗಳದೇ ಒಂದು ಗುಂಪಿದೆ. ಮತ್ತೆ ಶಿಗ್ಗಾವಿ ತಾಲ್ಲೂಕಿಗೇ ಬಂದರೆ ಶಿಶುವಿನಹಾಳದ ಶರೀಫರು. 1819ರಿಂದ 1889ರವರೆಗೆ ಬಾಳಿದವರು, ಕೆಲಕಾಲ ಮಾಸ್ತರಿಕೆ ಮಾಡಿದವರು. ಮಾಸ್ತರಿಕೆ ಬಿಟ್ಟ ಮೇಲೆ ಅವರು ಕಲಿಸಿದ್ದೇ ಹೆಚ್ಚು ಮಂದಿಗೆ ನೆನಪಿದೆ. ಕೋಳಿ ಹೋಗಿ ಕೋಡಗವನ್ನು ನುಂಗುವ ಅವರ ಹಾಡು ಯಾರಿಗೆ ಗೊತ್ತಿಲ್ಲ? ಅರ್ಥ ಕೇಳಿದರೆ ಹತ್ತು ಮಂದಿ ಹತ್ತು ಹೇಳುತ್ತಾರೆ, ಆದರೆ ಹಾಡು ಮರೆತವರಿಲ್ಲ. ಕೋಡಗ ಕೋಳಿಯನ್ನು ನುಂಗಿದ್ದರೆ ಅದು ಹಾಡಾಗುತ್ತಿರಲಿಲ್ಲ, ಪಂಚಾಯಿತಿಗೆ ದೂರು ಆಗುತ್ತಿತ್ತು.

ಇದೇ ಕೋಡಗವನ್ನು ಇಟ್ಟುಕೊಂಡು ಡೋಪಮೀನಿನ ಆ ಇನ್ನೊಂದು ಕೆಲಸವನ್ನು ಪತ್ತೆ ಮಾಡಿದವರು ವೋಲ್ಫ್‌ರಮ್ ಶುಲ್ಟ್ಸ್. ಸ್ವಿಟ್ಜರ್ಲೆಂಡಿನಲ್ಲಿ ಅವರು ಮಂಗಗಳ ಡೋಪಮೀನ್ ಕೋಶಗಳಿಗೆ ಕೂದಲಿಗಿಂತ ತೆಳುವಾದ ತಂತಿ ಹಾಕಿ ಕೂತರು. ಮಂಗಕ್ಕೆ ಹಠಾತ್ತನೆ ಹಣ್ಣಿನ ರಸ ಸಿಕ್ಕಿದಾಗ ಕೋಶಗಳು ಪಟಪಟ ಸಿಡಿದವು. ಆಮೇಲೆ, ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ರಸ ಬರುತ್ತದೆ ಎಂದು ಮಂಗ ಕಲಿಯಿತು. ಕಲಿತ ಮೇಲೆ ಕೋಶಗಳು ಸಿಡಿಯುವುದು ದೀಪಕ್ಕೆ. ರಸ ಬಂದಾಗ ಮೌನ. ಬರಬೇಕಾದದ್ದು ಬಂತು, ಅದರಲ್ಲೇನು ಸುದ್ದಿ? ಇನ್ನು ದೀಪ ಹತ್ತಿಯೂ ರಸ ಬರಲಿಲ್ಲವೆನ್ನಿ. ರಸ ಬರಬೇಕಿದ್ದ ಆ ಕ್ಷಣಕ್ಕೆ ಸರಿಯಾಗಿ ಕೋಶಗಳು ಸಪ್ಪಗಾದವು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮೊಂಟಾಗು ಮೂವರೂ ಸೇರಿ ಇದಕ್ಕೆ ಲೆಕ್ಕ ಬರೆದರು. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಡೋಪಮೀನ್ ಸಾರುತ್ತದೆ. ಅಂತರ ಇದ್ದಲ್ಲಿ ಮೆದುಳು ತನ್ನ ನರಕೋಶಗಳ ನಡುವಿನ ಗಂಟುಗಳನ್ನು ಬಿಗಿ ಮಾಡುತ್ತದೆ ಅಥವಾ ಸಡಿಲ ಮಾಡುತ್ತದೆ. ಅಂತರ ಇಲ್ಲದಲ್ಲಿ ಹೊಸದಾಗಿ ಕಲಿಯಲು ಏನೂ ಉಳಿದಿರುವುದಿಲ್ಲ.

ನಮ್ಮ ಅನೇಕ ತರಗತಿಗಳ ಕಥೆ ಇಲ್ಲೇ ಗೊತ್ತಾಗುತ್ತದೆ. ಗಂಟೆ ಬಾರಿಸಿದಾಗ ಏನು ಬರುತ್ತದೆಂದು ಗೊತ್ತು, ಮಾಸ್ತರರು ಬಾಯಿ ತೆರೆದರೆ ಯಾವ ವಾಕ್ಯ ಬರುತ್ತದೆಂದೂ ಗೊತ್ತು. ಹಿಂದಿನ ಬೆಂಚಿನವರು ನಿದ್ದೆ ಮಾಡಿದರೆ ಅವರ ಡೋಪಮೀನ್ ನಿಯತ್ತಿನಿಂದ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಕಲಿತದ್ದು ಖಾತ್ರಿಯಾದಷ್ಟೂ ಸಪ್ಪೆಯಾಗುತ್ತದೆ ಎನ್ನುವುದಾದರೆ, ಯಾವುದು ಸಪ್ಪೆಯಾಗುವುದೇ ಇಲ್ಲ? ಅದಕ್ಕೆ ದೀಪಾವಳಿಯ ಮೇಲೆ ನಮ್ಮ ಕಡೆ ಬರಬೇಕು. ಹಾನಗಲ್ಲ, ಹಿರೇಕೆರೂರು, ಬ್ಯಾಡಗಿ, ಎಲ್ಲಿ ನೋಡಿದರೂ ಹೋರಿ ಬೆದರಿಸುವ ಹಬ್ಬ. ವರ್ಷವಿಡೀ ಹುರುಳಿ, ಹತ್ತಿಕಾಳು ತಿಂದು ಮಿರಿಮಿರಿ ಮಿಂಚುವ ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊರಳ ತುಂಬ ಒಣಕೊಬ್ಬರಿಯ ಸರ ಹಾಕಿ ಅಖಾಡಕ್ಕೆ ಬಿಡುತ್ತಾರೆ. ಹೋರಿಗೆ ಸಿನಿಮಾ ನಟರಿಗಿರುವಂಥ ಬಿರುದು, ಅದರ ಹಿಂದೆ ಅಭಿಮಾನಿ ಬಳಗ, ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟು. ಎರಡೂ ಕಡೆ ಜನದ ಗೋಡೆ. ಅದರ ನಡುವಿನ ಓಣಿಯಲ್ಲಿ ಹೋರಿ ಗುಂಡಿನ ಹಾಗೆ ಬರುತ್ತದೆ. ಪಡ್ಡೆಗಳು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಕೊಬ್ಬರಿ ಕೊಡದೆ ಪಾರಾದ ಹೋರಿ ಗೆದ್ದಂತೆ.

ಒಮ್ಮೆ ಒಬ್ಬ ಹುಡುಗನನ್ನು ಹತ್ತಿರದಿಂದ ನೋಡಿದೆ. ಅಂಗೈ ಕೆತ್ತಿಹೋಗಿ ರಕ್ತ, ಮೊಣಕಾಲಿಗೆ ಮಣ್ಣು, ಮುಷ್ಟಿಯಲ್ಲಿ ದಾರದ ಸಮೇತ ಎರಡು ಕೊಬ್ಬರಿ ಬಟ್ಟಲು. ಕಿರಾಣಿ ಅಂಗಡಿಯಲ್ಲಿ ಕೂತು ತೂಗಿಸಿದರೆ ಅದಕ್ಕೇನು ಬೆಲೆ? “ಇದಕ್ಕ ಇಷ್ಟು ಪೆಟ್ಟು ತಿಂದೇನೋ ತಮ್ಮಾ?” ಎಂದೆ. “ಕೊಬ್ಬರಿ ಯಾರಿಗೆ ಬೇಕ್ರೀ ಕಾಕಾ, ಸಿಗತೈತೋ ಇಲ್ಲೋ ಅನ್ನೂದ ಮಜಾ” ಎಂದು ಅದನ್ನು ತಂಗಿಯ ಕೈಗೆ ಎಸೆದು ಮತ್ತೆ ಓಣಿಗೆ ಓಡಿದ. ಶುಲ್ಟ್ಸ್ ಅವರ ತಂಡ 2003ರಲ್ಲಿ ಇದೇ ಮಾತನ್ನು ಮಂಗಗಳಿಂದ ಹೇಳಿಸಿತು. ರಸ ಸಿಗುವುದು ಖಾತ್ರಿ ಎಂದಾಗ, ಸಿಗದಿರುವುದು ಖಾತ್ರಿ ಎಂದಾಗ, ಕಾಯುವ ಹೊತ್ತಿನಲ್ಲಿ ಕೋಶಗಳು ತಣ್ಣಗೆ. ಸಿಗಬಹುದು, ಸಿಗದಿರಬಹುದು, ಎರಡಕ್ಕೂ ಅರ್ಧರ್ಧ ಎಂದಾಗ ಅವುಗಳ ಸಡಗರ ಎಲ್ಲಕ್ಕಿಂತ ಜೋರು. ಆ ಹುಡುಗ ಇದನ್ನು ಯಾವ ಪತ್ರಿಕೆಗೂ ಕಳಿಸಲಿಲ್ಲ. ಈ ಹಬ್ಬದಲ್ಲಿ ಪ್ರತಿ ವರ್ಷ ಕೋಡು ತಗುಲಿ, ತುಳಿತಕ್ಕೆ ಸಿಕ್ಕಿ ಮನೆ ಮುರಿಯುತ್ತಿರುವುದೂ ಸುಳ್ಳಲ್ಲ. ಮಜಾ ಎಂಬುದು ಕಾಲು ಕೈ ಲೆಕ್ಕ ಇಡುವುದಿಲ್ಲ.

ಬಸ್ ನಿಲ್ದಾಣದ ಹುಡುಗನ ಹೆಬ್ಬೆರಳಿಗೆ ಈಗ ಜಾಮೀನು ಕೊಡಬಹುದು. ಮುಂದಿನ ರೀಲ್ಸ್ ಚಲೋ ಇರಬಹುದು, ಇಲ್ಲದಿರಬಹುದು. ಕೋಡು ಇಲ್ಲದ ಹೋರಿ ಅದು, ಸಂಜೆಯಾದರೂ ಮನೆಗೆ ಹೋಗುವುದಿಲ್ಲ ಎನ್ನುವುದೇ ತೊಂದರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ‘ಶಟ್’ ಹೆಸರಿನ ಚಿಕಿತ್ಸಾ ಕೇಂದ್ರ ತೆರೆಯಿತು. ಹೆಸರು ಶಟ್, ಬಾಗಿಲು ಮಾತ್ರ ತೆರೆದಿದೆ. ಮಾಸ್ತರರು ಬರೀ ‘ಡೋಪಮೀನ್ ಏರಿದೆ’ ಎಂದು ತಾಯಿಯ ಎದೆ ಒಡೆಯುವ ಬದಲು ಆ ವಿಳಾಸ ಹೇಳಿದ್ದರೆ ಚೆನ್ನಾಗಿತ್ತು.

ಇನ್ನು ಹೊಸದನ್ನು ಕಂಡ ಮೆದುಳಿನ ಕಥೆ. ಅದಕ್ಕೆ ಸವಣೂರಿಗೆ ಹೋಗಬೇಕು. ವಿ.ಕೃ. ಗೋಕಾಕರು ಹುಟ್ಟಿದ ಊರು ಎಂದು ಜಾಣರು, ಖಾರಾದ ಊರು ಎಂದು ಉಳಿದವರು ಹೇಳುತ್ತಾರೆ. ಅಲ್ಲಿಯ ಕಲ್ಮಠದ ದೊಡ್ಡ ಹುಣಸೆ ಮರಗಳನ್ನು ನೋಡದೆ ಬಂದವರು ಸವಣೂರಿಗೆ ಹೋಗಿಲ್ಲ. ಹುಣಸೆ ಎಂಬ ಹೆಸರಷ್ಟೇ. ಅದು ಆಫ್ರಿಕಾದ ಬಾವೋಬಾಬ್. ಮರವೋ ಗೋಡೆಯೋ ತಿಳಿಯದ ಕಾಂಡ, ಆನೆಯ ಚರ್ಮದಂಥ ತೊಗಟೆ. ಮೊದಲ ಸಲ ನೋಡಿದ ಮಗು ಬಾಯಿ ತೆರೆದದ್ದನ್ನು ಮುಚ್ಚುವುದಿಲ್ಲ. ಅರ್ಜೆಂಟೀನಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಹೊಂದುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಥೆ ಓದಿ ಹೇಳಿದರು. ಕೆಲವು ತರಗತಿಗಳಿಗೆ ಕಥೆಯ ಒಂದು ತಾಸು ಹಿಂದೆ ಅಥವಾ ಮುಂದೆ, ಎಂದೂ ಕಾಣದಂಥ ವಿಜ್ಞಾನ ಇಲ್ಲವೇ ಸಂಗೀತದ ಪಾಠ ಮಾಡಿದರು. ಮರುದಿನ ಕಥೆ ಚೆನ್ನಾಗಿ ನೆನಪಿದ್ದದ್ದು ಆ ಮಕ್ಕಳಿಗೆ. ಹೊಸದನ್ನು ಕಂಡಾಗ ಹಿಪ್ಪೊಕ್ಯಾಂಪಸ್ಸಿಗೆ ಸುರಿಯುವ ಡೋಪಮೀನು ಅಕ್ಕಪಕ್ಕದ ಬಡ ನೆನಪುಗಳನ್ನೂ ಗಟ್ಟಿ ಮಾಡುತ್ತದೆ ಎಂಬುದು ಇಲಿಗಳಲ್ಲಿ ಮೊದಲೇ ಕಂಡಿತ್ತು. ಸುತ್ತಲಿನ ಶಾಲೆಯವರು ಮಕ್ಕಳನ್ನು ಒಂದು ಬೆಳಗ್ಗೆ ಆ ಮರಗಳ ಬುಡಕ್ಕೆ ಕರೆದೊಯ್ದು, ವಾಪಸು ಬಂದ ತಾಸಿನೊಳಗೆ ಬೇಸರದ ಪಾಠ ಯಾವುದಿದೆಯೋ ಅದನ್ನು ಮಾಡಿ ನೋಡಬಹುದು. ಖರ್ಚು ಬಸ್ಸಿನದಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮಂಗಕ್ಕೆ ರಸ ಇತ್ತು, ಹುಡುಗನಿಗೆ ಕೊಬ್ಬರಿ, ನಮಗೆ ಆಯಿಯ ಉತ್ತರ. ಯಾರೂ ಏನೂ ಕೊಡದ ಕಡೆ, ಒಬ್ಬರೇ ಕೂತು ವರ್ಷಗಟ್ಟಲೆ ಕಲಿಯುವವರಿಗೆ ಏನು ಸಿಗುತ್ತದೆ?

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಮಗುವಿಗೆ ಕಣ್ಣು ಕಾಣುತ್ತಿರಲಿಲ್ಲ, ಅಣ್ಣನಿಗೂ ಹಾಗೆಯೇ. ಅಣ್ಣತಮ್ಮಂದಿರ ಕಂಠ ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಸಂಗೀತಕ್ಕೆ ಹಚ್ಚಿದರು. ತಮ್ಮ ಮುಂದೆ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕಿ, ಹಿಂದೂಸ್ತಾನಿ ಎರಡರಲ್ಲೂ ಪಳಗಿ ‘ಉಭಯ ಗಾಯನ ವಿಶಾರದ’ ಎ‌ನಿಸಿಕೊಂಡರು. ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಇನ್ನೊಂದು ಮಗು ಅವರ ಶಿಷ್ಯನಾಗಿ ಪುಟ್ಟರಾಜ ಗವಾಯಿಗಳಾದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಕಂಡು ಬರೆದುಕೊಳ್ಳುವ ದಾರಿ ಇಬ್ಬರಿಗೂ ಇರಲಿಲ್ಲ. ಗುರು ಹಾಡಿದ್ದು ಕಿವಿಯಲ್ಲಿ ನಿಲ್ಲಬೇಕು, ತನ್ನ ಕಂಠದಿಂದ ಬಂದದ್ದನ್ನು ಅದರ ಪಕ್ಕ ಇಟ್ಟು ನೋಡಬೇಕು, ಮತ್ತೆ ಹಾಡಬೇಕು.

ಇದೇ ರೀತಿ ಕಲಿಯುವ ಇನ್ನೊಂದು ಜೀವಿ ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಎಂಬ ಗುಬ್ಬಿಗಾತ್ರದ ಹಕ್ಕಿ. ಗಂಡುಮರಿ ಅಪ್ಪನ ಹಾಡು ಕೇಳಿ ಮನಸ್ಸಿನಲ್ಲಿಟ್ಟುಕೊಂಡು, ತೊದಲಿ ತೊದಲಿ, ಮೂರು ತಿಂಗಳಿಗೆ ಆ ಹಾಡಿಗೆ ತಂದುಕೊಳ್ಳುತ್ತದೆ. 2016ರಲ್ಲಿ ವಿಕ್ರಂ ಗದಗ್‌ಕರ್ ಮತ್ತು ಜೊತೆಗಾರರು ಅಮೆರಿಕದ ಕಾರ್ನೆಲ್ಲಿನಲ್ಲಿ ಹಾಡುವ ಹಕ್ಕಿಯ ಡೋಪಮೀನ್ ಕೋಶಗಳನ್ನು ಆಲಿಸಿದರು. (ಇಂಥ ವಿಷಯಕ್ಕೆ ಹೆಸರಿನಲ್ಲೇ ಗದಗ ಇರುವವರು ಬರಬೇಕೇ!) ಹಕ್ಕಿ ಒಂದು ಸ್ವರ ಹಾಡುವಾಗ ಕೆಲವೊಮ್ಮೆ ಸ್ಪೀಕರಿನಿಂದ ಕರ್ಕಶ ಸದ್ದು ಬೆರೆಸಿದರು. ತನ್ನ ಸ್ವರ ಕೆಟ್ಟಿತು ಎನಿಸಿದಾಗ ಕೋಶಗಳು ಸಪ್ಪಗಾದವು. ಕೆಡಬಹುದು ಎಂದಿದ್ದ ಸ್ವರ ಶುದ್ಧವಾಗಿ ಬಂದಾಗ ಸಿಡಿದವು. ಅಲ್ಲಿ ರಸವಿಲ್ಲ, ಕಾಳಿಲ್ಲ, ಕೇಳಲು ಹೆಣ್ಣುಹಕ್ಕಿಯೂ ಇಲ್ಲ. ಒಂಟಿ ಹಕ್ಕಿ, ಅದರ ಹಾಡು, ಅದರೊಳಗೆ ಅಪ್ಪನ ಹಾಡು. ಅಂತರ ಅಳೆಯುವ ಕೋಲು ಒಳಗೇ ಇತ್ತು. ಹಕ್ಕಿಯ ಲೆಕ್ಕವನ್ನು ಹಾಗೆಯೇ ಗವಾಯಿಗಳ ತಲೆಗೆ ಹೊಂದಿಸಲು ನಾನು ಹೋಗುವುದಿಲ್ಲ. ಆದರೆ ಬೆಳಗಿನ ಜಾವ ಒಂದೇ ಪಲುಕನ್ನು ನೂರು ಸಲ ತಿರುಗಿಸುವ ಹುಡುಗನನ್ನು ಕಂಡಾಗ, ಯಾರ ಬಹುಮಾನಕ್ಕೆ ಇಷ್ಟು ದುಡಿತ ಎಂದು ಈಗ ಕೇಳುವುದಿಲ್ಲ.

ಹೊರಗಿನವರ ಪಾಲೂ ಸ್ವಲ್ಪ ಇದೆ. ಟೋಕಿಯೋದಲ್ಲಿ 2014ರಲ್ಲಿ ಇಲಿಯ ಮೆದುಳಿನ ನರಸಂಧಿಗಳ ಮೇಲೆ ಬೆಳಕು ಬಿಟ್ಟು ನೋಡಿದ ಯಾಗಿಶಿಟಾ ಮತ್ತವರ ತಂಡಕ್ಕೆ ಕಂಡದ್ದಿಷ್ಟು: ಸಂಧಿ ಚುರುಕಾದ 0.3ರಿಂದ 2 ಸೆಕೆಂಡಿನೊಳಗೆ ಡೋಪಮೀನ್ ಬಂದರೆ ಆ ಗಂಟು ಬೆಳೆಯುತ್ತದೆ. ತಡವಾದರೆ ಇಲ್ಲ. ಜೂನ್‌ನಲ್ಲಿ ಬರೆದದ್ದಕ್ಕೆ ಮಾರ್ಚ್‌ನಲ್ಲಿ ಅಂಕಪಟ್ಟಿ ಕೊಡುವ ನಮ್ಮ ಪದ್ಧತಿಗಿಂತ, ಹಾಡುಗಾರ ತಾಳದ ಸಮಕ್ಕೆ ಬಂದ ಕೂಡಲೇ ‘ಭಲೇ’ ಎಂದು ತೊಡೆ ತಟ್ಟುವ ಬೈಠಕ್ಕಿನ ಮುದುಕರೇ ನರವಿಜ್ಞಾನಕ್ಕೆ ಹತ್ತಿರ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಈಗಲೂ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿಯುತ್ತಾರೆ. ಸವಣೂರಿನಿಂದ ಲಕ್ಷ್ಮೇಶ್ವರದ ಮೇಲೆ ಹಾದುಹೋದರೆ ದೂರವೇನಲ್ಲ. ದಾರಿಗೆ ಖಾರಾ ಕಟ್ಟಿಸಿಕೊಳ್ಳಿ. ಹೋದಾಗ ವಿಡಿಯೊ ತೆಗೆಯಬೇಡಿ, ಕೈ ಎರಡೂ ಖಾಲಿ ಇರಲಿ. ಯಾವುದಾದರೂ ಮಗು ಸುತ್ತಿ ಬಳಸಿ ಸಮಕ್ಕೆ ಸರಿಯಾಗಿ ಬಂದು ಕೂತರೆ ಗಟ್ಟಿಯಾಗಿ ‘ಭಲೇ’ ಎನ್ನಿ. ಎರಡು ಸೆಕೆಂಡಿನೊಳಗೆ.